ವರ್ಡ್‌ಕ್ಯಾಂಪ್‌ಗೆ ಮೊದಲ ಸಲ: ಕನ್ನಡ ಬ್ಲಾಗ್ ಬರೆಯೋರು ಏನು ತಯಾರಿ ಮಾಡ್ಕೋಬೇಕು?

ತುಂಗಾತೀರ:
ನಮಸ್ಕಾರ ಎಲ್ರಿಗೂ. ಪುಣೆ, ಕೊಚ್ಚಿ ಕಡೆ ಮುಂದೆ ಯಾವ ವರ್ಡ್‌ಕ್ಯಾಂಪ್ (ತಾಣ ಕಟ್ಟೋ ತಂತ್ರಾಂಶ ವರ್ಡ್‌ಪ್ರೆಸ್ ಬಳಸೋರ ಸಮ್ಮೇಳನ) ಘೋಷಣೆ ಆದ್ರೂ ಟಿಕೆಟ್ ತಗೊಳ್ಳೋಣ ಅಂತಿದೀನಿ. ಇರೋದು ಒಂದು ಕನ್ನಡ ಬ್ಲಾಗ್, ಸ್ವಂತ ಹೋಸ್ಟಿಂಗ್‌ನಲ್ಲಿ. ಥೀಮ್ ಬದಲಿಸೋದು, ಪ್ಲಗಿನ್ ಹಾಕೋದು ಬರುತ್ತೆ, ಕೋಡ್ ಬರಲ್ಲ. ಭಾಷಣಗಳೆಲ್ಲ ಆಮೇಲೆ ವರ್ಡ್‌ಪ್ರೆಸ್ ಟಿವಿಯಲ್ಲಿ ಬರ್ತವಲ್ಲ, ಹಾಗಿದ್ಮೇಲೆ ರೈಲು, ರೂಮು ಅಂತ ಖರ್ಚು ಮಾಡ್ಕೊಂಡು ಹೋಗಿ ಸಿಗೋದೇನು? ಎಲ್ಲರೂ ಕೂತು ವರ್ಡ್‌ಪ್ರೆಸ್‌ಗೆ ಕೆಲಸ ಮಾಡಿಕೊಡೋ ಕಾಂಟ್ರಿಬ್ಯೂಟರ್ ಡೇ ಅಂತ ಇನ್ನೊಂದು ದಿನ ಇರುತ್ತಲ್ಲ, ಅದು ಡೆವಲಪರ್‌ಗಳಿಗೆ ಮಾತ್ರಾನಾ? ಕನ್ನಡದ ತಾಣಕ್ಕೇ ಬರೋ ತೊಂದರೆಗಳನ್ನ ಅಲ್ಲಿ ಯಾರ ಹತ್ರ ಕೇಳ್ಬೇಕು?

ಸರ್ವರ್‌ಕಟ್ಟೆ:
ಹೋಗಿ. ಆದ್ರೆ ಬರಿಗೈಲಿ ಹೋಗ್ಬೇಡಿ. ನಿಮ್ಮ ತಾಣದ ಒಂದೇ ಒಂದು ತೊಂದರೆಯನ್ನ ಸರಿಯಾಗಿ ಬರೆದುಕೊಂಡು ಹೋದ್ರೆ ಹ್ಯಾಪಿನೆಸ್ ಬಾರ್‌ನಲ್ಲಿ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತೆ. ಹ್ಯಾಪಿನೆಸ್ ಬಾರ್ ಅಂದ್ರೆ ಸಹಾಯದ ಮೇಜು, ಸ್ವಯಂಸೇವಕರು ಕೂತಿರ್ತಾರೆ, ದುಡ್ಡು ಕೊಡೋದಿಲ್ಲ. ನಿಮ್ಮ ಲ್ಯಾಪ್‌ಟಾಪ್ ತೆರೆದು ಜೊತೆಗೆ ನೋಡ್ತಾರೆ. ವಿಡಿಯೋದಲ್ಲಿ ಇದು ಸಿಗಲ್ಲ.

ಹೋಗೋ ಮುಂಚೆ ಮಾಡಬೇಕಾದ್ದು: ಟೂಲ್ಸ್ ಒಳಗೆ ಸೈಟ್ ಹೆಲ್ತ್, ಅದರಲ್ಲಿ ಇನ್ಫೋ ಅನ್ನೋ ಟ್ಯಾಬ್. ಅಲ್ಲಿ ತಾಣದ ವಿವರ ನಕಲು ಮಾಡೋ ಬಟನ್ ಇದೆ. ಒತ್ತಿ, ಒಂದು ಕಡತಕ್ಕೆ ಅಂಟಿಸಿ ಇಟ್ಕೊಳ್ಳಿ. ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರೋ ಕೋಡ್ ಭಾಷೆ) ಆವೃತ್ತಿ, ಡೇಟಾಬೇಸ್ ಆವೃತ್ತಿ, ಯಾವ ಥೀಮ್, ಯಾವ ಪ್ಲಗಿನ್, ಮೆಮೊರಿ ಮಿತಿ ಎಷ್ಟು, ಎಲ್ಲ ಅದರಲ್ಲಿ ಬರುತ್ತೆ. ಮೇಜಿನಲ್ಲಿ ಕೂತವರು ಮೊದಲ ಹತ್ತು ನಿಮಿಷ ಕೇಳೋದು ಇದನ್ನೇ. 2019ರ ವರ್ಡ್‌ಪ್ರೆಸ್ 5.2 ಆವೃತ್ತಿಯಿಂದ ಈ ಸೌಲಭ್ಯ ಇದೆ, ಅದಕ್ಕಿಂತ ಹಳೇದು ಓಡಿಸ್ತಿದ್ರೆ ನಿಮ್ಮ ಮೊದಲ ತೊಂದರೆ ಅದೇ.

ಎರಡನೇದು ಬ್ಯಾಕಪ್. ಕಡತಗಳು ಮತ್ತು ಡೇಟಾಬೇಸ್ ಎರಡೂ ಬೇಕು, ಅದೂ ಅದೇ ಸರ್ವರ್‌ನಲ್ಲಲ್ಲ, ಬೇರೆ ಕಡೆ. ಬ್ಯಾಕಪ್ ಇಲ್ಲ ಅಂದ್ರೆ ತಿಳಿದವರು ಯಾರೂ ನಿಮ್ಮ ಓಡ್ತಿರೋ ತಾಣಕ್ಕೆ ಕೈ ಹಚ್ಚೋದಿಲ್ಲ, ಹಚ್ಚಲೂಬಾರದು.

ಅಘನಾಶಿನಿ:
ಪಾಸ್‌ವರ್ಡ್ ಯಾರಿಗೂ ಕೊಡ್ಬೇಡಿ ಅನ್ನೋದನ್ನೂ ಸೇರಿಸಿ. ಬೇಕಾದ್ರೆ ತಾತ್ಕಾಲಿಕ ಅಡ್ಮಿನ್ ಖಾತೆ ಮಾಡಿ, ಕೆಲಸ ಆದ ಕೂಡ್ಲೇ ಅಳಿಸಿ. ಅಳಿಸುವಾಗ ಆ ಖಾತೆಯ ಬರಹಗಳನ್ನ ಏನು ಮಾಡ್ಬೇಕು ಅಂತ ಕೇಳಿದ್ರೆ ನಿಮ್ಮ ಹೆಸರಿಗೆ ವರ್ಗಾಯಿಸೋ ಆಯ್ಕೆ ಒತ್ತಿ. ಇಲ್ಲದಿದ್ರೆ ಆ ಖಾತೆಯಿಂದ ಮಾಡಿದ ಪುಟವೂ ಹೋಗುತ್ತೆ.

ಪೇಡಾನಗರ:
ಸರ್ವರ್‌ಕಟ್ಟೆ ಹೇಳಿದ್ದು ಖರೇ, ಆದ್ರ ನಂದು ಬ್ಯಾರೆ ಮಾತು ಐತ್ರಿ. ಮೊದಲು ಹತ್ತಿರದ ಮೀಟಪ್‌ಗೆ ಹೋಗ್ರಿ, ಆಮೇಲೆ ಕ್ಯಾಂಪ್. ಊರಾಗ ನಿಯಮಿತವಾಗಿ ಮೀಟಪ್ ನಡೀತಿದ್ರ ಮಾತ್ರ ಅಲ್ಲಿ ವರ್ಡ್‌ಕ್ಯಾಂಪ್ ಮಾಡಾಕ ಒಪ್ಪಿಗಿ ಸಿಗೋದು, ಅದಕ್ಕ ಕ್ಯಾಂಪ್ ಅನ್ನೋದು ಮೀಟಪ್‌ನಿಂದ ಬೆಳದಿದ್ದು. ಮೀಟಪ್‌ಗೆ ಟಿಕೆಟ್ ಇಲ್ಲ, ಇಪ್ಪತ್ತು ಮೂವತ್ತು ಮಂದಿ ಇರ್ತಾರ, ನಿಮ್ಮ ಪ್ರಶ್ನಿಗೆ ಪೂರ್ತಿ ಟೈಮ್ ಕೊಡ್ತಾರ. ಬರೇ ತಾಣ ರಿಪೇರಿ ಸಲುವಾಗಿ ನಾನೂರು ಐನೂರು ಕಿಲೋಮೀಟರ್ ಯಾಕ ಹೋಗ್ಬೇಕ್ರಿ?

ಸರ್ವರ್‌ಕಟ್ಟೆ:
ರಿಪೇರಿ ಒಂದಕ್ಕೇ ಅಂತ ಯಾರು ಹೇಳಿದ್ರು? ಬೇರೆ ಭಾಷೆಯ ಪ್ರಕಾಶಕರು, ಥೀಮ್ ಮಾಡೋರು, ಅನುವಾದ ತಂಡದವರು ಒಂದೇ ಜಾಗದಲ್ಲಿ ಸಿಗೋದು ಕ್ಯಾಂಪ್‌ನಲ್ಲೇ. ಮಲಯಾಳಂ, ತಮಿಳು ತಾಣ ನಡೆಸೋರಿಗೂ ಫಾಂಟಿನ ತೊಂದರೆ, ಕೊಂಡಿಯ ತೊಂದರೆ ನಮ್ಮವೇ. ಅವರು ಆಗಲೇ ದಾರಿ ಕಂಡುಕೊಂಡಿರ್ತಾರೆ.

ಪೇಡಾನಗರ:
ಅದು ಒಪ್ಪೀನಿ. ಆದ್ರೂ ಮೀಟಪ್ ಮೊದಲು.

ಕಡಲತಡಿ:
ಇದು ಯಾವುದೋ ಕಂಪನಿ ನಡೆಸುವ ಕಾರ್ಯಕ್ರಮ ಅಲ್ವಾ ಮಾರಾಯ್ರೆ? ಪ್ರಚಾರಕ್ಕೆ ಅಂತ ಮಾಡುವಂಥದ್ದು?

ಒತ್ತಕ್ಷರ:
ಅಲ್ಲ. ಸಂಘಟಕರು ಸ್ವಯಂಸೇವಕರು, ಭಾಷಣ ಮಾಡೋರಿಗೂ ಸಂಭಾವನೆ ಇಲ್ಲ. ಲಾಭಕ್ಕಾಗಿ ನಡೆಸೋ ಹಾಗಿಲ್ಲ ಅನ್ನೋದು ನಿಯಮ. ಮೊದಲ ವರ್ಡ್‌ಕ್ಯಾಂಪ್ ನಡೆದದ್ದು 2006ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರ ಮೇ 27ರಂದು ವರ್ಡ್‌ಪ್ರೆಸ್ಸಿನ ಮೊದಲ ಆವೃತ್ತಿ ಬಿಟ್ಟು ಮೂರು ವರ್ಷ ಆಗಿತ್ತು ಆಗ. ಭಾರತದಲ್ಲಿ ಮೊದಲನೆಯದು 2009ರಲ್ಲಿ, ದೆಹಲಿಯಲ್ಲಿ. ಆಮೇಲೆ ಮುಂಬೈ, ಪುಣೆ, ಅಹಮದಾಬಾದ್, ಉದಯಪುರ, ಕೊಚ್ಚಿ, ಕೋಲ್ಕತ್ತಾ, ಹೀಗೆ ಬಹಳ ಕಡೆ ಆಗಿವೆ.

ಪ್ರಾಯೋಜಕ ಕಂಪನಿಗಳು ಇರ್ತವೆ, ಅದು ನಿಜ. ಅದರಿಂದಲೇ ಟಿಕೆಟ್ ಅಗ್ಗ. ಸಾಮಾನ್ಯ ಐಟಿ ಸಮ್ಮೇಳನಕ್ಕೆ ಸಾವಿರಗಟ್ಟಲೆ ತೆರಬೇಕು, ಇಲ್ಲಿ ಕೆಲವು ನೂರು ರೂಪಾಯಿಗೆ ಊಟ, ಚಹಾ, ಅಂಗಿ ಎಲ್ಲ ಸೇರಿಯೇ ಟಿಕೆಟ್. ಇಷ್ಟಾಗಿಯೂ ಯಾರು ಬೇಕಾದ್ರೂ ಪ್ರಾಯೋಜಕರಾಗೋಕೆ ಬರಲ್ಲ. ಥೀಮ್, ಪ್ಲಗಿನ್ ಮಾರೋರಾಗಿದ್ರೆ ಅವರ ಸರಕು ಪೂರ್ತಿ ಜಿಪಿಎಲ್ ಪರವಾನಗಿಯಲ್ಲಿ (ಯಾರು ಬೇಕಾದ್ರೂ ಬಳಸಿ, ತಿದ್ದಿ, ಹಂಚಬಹುದು ಅನ್ನೋದು) ಇರಬೇಕು. ಚಿತ್ರ, ಸಿಎಸ್ಎಸ್ ಒಂದು ಪರವಾನಗಿ, ಪಿಎಚ್‌ಪಿ ಇನ್ನೊಂದು ಅಂತ ಒಡೆದಿದ್ರೂ ಬಿಡಲ್ಲ. ಭಾಷಣಕಾರರಿಗೂ ಇದೇ ನಿಯಮ.

ಮಂದಾರ_ಥೀಮ್ಸ್:
ಇನ್ನೊಂದು ನಿಯಮ ಭಾಷಣ ಕೊಡೋ ಆಸೆ ಇರೋರಿಗೆ. ನಿಮ್ಮ ತಾಣದ ಡೊಮೇನ್ ಹೆಸರಿನೊಳಗೆ ವರ್ಡ್‌ಪ್ರೆಸ್ ಅನ್ನೋ ಪದ ಪೂರ್ತಿಯಾಗಿ ಇರಬಾರದು. ಆ ಟ್ರೇಡ್‌ಮಾರ್ಕ್ 2010ರಿಂದ ವರ್ಡ್‌ಪ್ರೆಸ್ ಫೌಂಡೇಶನ್ ಹತ್ರ ಇದೆ. ಡಬ್ಲ್ಯುಪಿ ಅಂತ ಎರಡಕ್ಷರ ಬಳಸಿದ್ರೆ ಅದಕ್ಕೆ ತಡೆ ಇಲ್ಲ, ಆದ್ರೆ ಅಧಿಕೃತ ಅನ್ನೋ ಹಾಗೆ ತೋರಿಸಬಾರದು. ಭಾಷಣದ ಅರ್ಜಿ ಕಳಿಸೋ ಮುಂಚೆ ಇದನ್ನ ನೋಡ್ಕೊಳ್ಳಿ, ವಿಷಯ ಎಷ್ಟೇ ಚೆನ್ನಾಗಿದ್ರೂ ಇದೊಂದರಿಂದ ಅರ್ಜಿ ನಿಂತುಹೋಗುತ್ತೆ.

ತುಂಗಾತೀರ:
ಭಾಷಣ ಎಲ್ಲ ದೂರದ ಮಾತು. ಟಿಕೆಟ್ ತಗೊಳ್ಳುವಾಗ ಏನಾದ್ರೂ ಗಮನಿಸ್ಬೇಕಾ?

ಅಘನಾಶಿನಿ:
ಅರ್ಜಿಯಲ್ಲಿ ಅಂಗಿ ಅಳತೆ, ಊಟ ಯಾವುದು, ಜೀವಕ್ಕೆ ಅಪಾಯ ಆಗುವಂಥ ಅಲರ್ಜಿ ಇದೆಯಾ, ಓಡಾಟಕ್ಕೋ ಕೇಳಿಸಿಕೊಳ್ಳೋದಕ್ಕೋ ನೆರವು ಬೇಕಾ ಅಂತೆಲ್ಲ ಕೇಳ್ತಾರೆ. ಅವಸರದಲ್ಲಿ ಇಲ್ಲ ಇಲ್ಲ ಅಂತ ಒತ್ತಬೇಡಿ. ಶೇಂಗಾ ಅಲರ್ಜಿ ಇದ್ರೆ ಅಡುಗೆಯವರಿಗೆ ಮುಂಚೇನೆ ತಿಳಿಸ್ತಾರೆ, ಆ ದಿನ ಹೇಳಿದ್ರೆ ಏನೂ ಮಾಡೋಕಾಗಲ್ಲ.

ಭಾಗವಹಿಸೋರ ಪಟ್ಟಿ ತಾಣದಲ್ಲಿ ಎಲ್ಲರಿಗೂ ಕಾಣುತ್ತೆ. ನಿಮ್ಮ ಇಮೇಲಿಗೆ ಗ್ರಾವತಾರ್ (ಇಮೇಲಿಗೆ ಜೋಡಿಸಿಟ್ಟ ಪ್ರೊಫೈಲ್) ಚಿತ್ರ ಇದ್ರೆ ಅದೂ ಬರುತ್ತೆ. ಬೇಡ ಅಂದ್ರೆ ಖಾಸಗಿಯಾಗಿಡೋ ಆಯ್ಕೆ ಅದೇ ಅರ್ಜಿಯಲ್ಲಿದೆ. ಟಿಕೆಟ್ ಇಮೇಲ್ ಅಳಿಸಬೇಡಿ, ವಿವರ ತಿದ್ದೋ ಕೊಂಡಿ ಅದರೊಳಗೇ ಇರೋದು. ಹಣ ವಾಪಸ್ ಕೊಡೋದಕ್ಕೆ ಕೊನೇ ದಿನಾಂಕ ಇರುತ್ತೆ, ಅದು ಪ್ರತಿ ಕ್ಯಾಂಪ್‌ಗೂ ಬೇರೆ. ಕ್ಯಾಂಪ್ ಒಂದು ದಿನವೋ ಎರಡು ದಿನವೋ, ಕಾಂಟ್ರಿಬ್ಯೂಟರ್ ಡೇ ಮೊದಲೋ ಆಮೇಲೋ ಅನ್ನೋದನ್ನ ನೋಡಿ ರೈಲು ಬುಕ್ ಮಾಡಿ. ಕಾಂಟ್ರಿಬ್ಯೂಟರ್ ಡೇಗೆ ಕೆಲವು ಕಡೆ ಪ್ರತ್ಯೇಕ ನೋಂದಣಿ.

ಬಿಸಿಲುನಾಡು:
ಪುಣೆ ಆದ್ರೆ ಕಲಬುರಗಿ, ರಾಯಚೂರು ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಇದೆ, ಸೊಲ್ಲಾಪುರದ ಮೇಲೆ ಹೋಗ್ತದ. ಬೆಂಗಳೂರಿಂದ ಕೊಚ್ಚಿಗೆ ಎರ್ನಾಕುಲಂ ಇಂಟರ್‌ಸಿಟಿ ಹಗಲು ಗಾಡಿ. ಹಿಂದಿನ ದಿನಾನೇ ಮುಟ್ರಿ, ನೋಂದಣಿ ಮೇಜು ಬೆಳಗ್ಗೆ ಬೇಗ ತೆಗೀತಾರ.

ಮಳೆಬಿಲ್ಲು:
ಏಷ್ಯಾ ಮಟ್ಟದ ಕ್ಯಾಂಪೂ ಇದೆ, ಅದನ್ನ ಊರಿನ ಕ್ಯಾಂಪ್ ಜೊತೆ ಗೊಂದಲ ಮಾಡ್ಕೋಬೇಡಿ. 2020ರಲ್ಲಿ ಬ್ಯಾಂಕಾಕ್‌ನಲ್ಲಿ ಆಗಬೇಕಿತ್ತು, ಕೋವಿಡ್‌ನಿಂದ ರದ್ದಾಯ್ತು. 2023ಕ್ಕೆ ಅಲ್ಲೇ ನಡೀತು. ಆಮೇಲೆ 2024 ತೈಪೆ, 2025 ಮನಿಲಾ, 2026ಕ್ಕೆ ಏಪ್ರಿಲ್ 9ರಿಂದ 11, ಮುಂಬೈ. ಅದು ಸಾವಿರಾರು ಜನರ ದೊಡ್ಡ ಸಭೆ. ಮೊದಲ ಸಲ ಹೋಗೋರಿಗೆ ಊರಿನ ಕ್ಯಾಂಪೇ ವಾಸಿ, ಯಾರನ್ನ ಬೇಕಾದ್ರೂ ಊಟದ ಸಾಲಲ್ಲಿ ನಿಂತು ಮಾತಾಡಿಸಬಹುದು.

ಕಡಲತಡಿ:
ಸರಿ, ಪ್ರಶ್ನೆ ಹಿಡ್ಕೊಂಡು ಹೋಗಿ ಅಂದ್ರಿ. ಕನ್ನಡ ತಾಣಕ್ಕೆ ಯಾವ ಪ್ರಶ್ನೆ ಉಂಟು ಹೇಳಿ ನೋಡುವ. ಅಲ್ಲಿ ಇಂಗ್ಲಿಷ್ ತಾಣ ಮಾಡುವವರೇ ಹೆಚ್ಚು, ನಮ್ಮ ತೊಂದರೆ ಅವರಿಗೆ ಅರ್ಥ ಆಗುವುದು ಹೌದಾ?

ಒತ್ತಕ್ಷರ:
ಸರಿಯಾಗಿ ವಿವರಿಸಿದ್ರೆ ಆಗುತ್ತೆ. ಒಂದು ಉದಾಹರಣೆ ಕೊಡ್ತೀನಿ. ಕನ್ನಡದಲ್ಲಿ ಶೀರ್ಷಿಕೆ ಕೊಟ್ರೆ ಕೊಂಡಿಯ ಬಾಲವೂ (ಬರಹದ ವಿಳಾಸದ ಕೊನೇ ಭಾಗ, ಸ್ಲಗ್) ಕನ್ನಡದಲ್ಲೇ ತಯಾರಾಗುತ್ತೆ. ಡೇಟಾಬೇಸ್‌ನಲ್ಲಿ ಆ ಅಂಕಣದ ಅಳತೆ 200. ಆದ್ರೆ ಅಲ್ಲಿ ಕೂರೋದು ಕನ್ನಡ ಅಕ್ಷರ ಅಲ್ಲ, ಅದರ ಶೇಕಡಾ ಚಿಹ್ನೆಯ ಸಂಕೇತ. ಯೂನಿಕೋಡ್‌ನಲ್ಲಿ ಕನ್ನಡದ ಒಂದು ಘಟಕಕ್ಕೆ 3 ಬೈಟ್, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಸ್ಥಾನ, ಅಲ್ಲಿಗೆ 9 ಸ್ಥಾನ. 200ರಲ್ಲಿ 22 ಘಟಕ ಮಾತ್ರ ಹಿಡಿಯುತ್ತೆ. ಗಮನಿಸಿ, ಸ್ವರಚಿಹ್ನೆ, ವಿರಾಮ (ಒತ್ತಕ್ಷರ ಕೂಡಿಸೋ ಅರ್ಧಾಕ್ಷರದ ಚಿಹ್ನೆ) ಎಲ್ಲ ಒಂದೊಂದು ಘಟಕ. ‘ಕನ್ನಡ’ ಅನ್ನೋ ಮೂರಕ್ಷರದ ಪದ 5 ಘಟಕ, 45 ಸ್ಥಾನ ತಿಂತದೆ.

‘ಮಳೆಗಾಲದ ಕೊಡಗು ಪ್ರವಾಸ ಕಥನ’ ಅಂತ ಶೀರ್ಷಿಕೆ ಇಟ್ಟರೆ 7, 5, 6, 3, ಒಟ್ಟು 21 ಘಟಕ, ಅಂದ್ರೆ 189, ನಡುವಿನ ಮೂರು ಅಡ್ಡಗೆರೆ ಸೇರಿ 192. ಅಷ್ಟಕ್ಕೇ ತುಂಬಿತು. ಮುಂದೆ ‘ಭಾಗ ಎರಡು’, ‘ಭಾಗ ಮೂರು’ ಅಂತ ಬರೆದಿದ್ರೆ ಕೊಂಡಿಯಲ್ಲಿ ಅದು ಉಳಿಯೋದೇ ಇಲ್ಲ. ಎಲ್ಲ ಕಂತುಗಳಿಗೂ ಒಂದೇ ಬಾಲ ಆಗಿ, ವರ್ಡ್‌ಪ್ರೆಸ್ ತಾನೇ ಕೊನೆಗೆ 2, 3 ಅಂತ ಅಂಟಿಸುತ್ತೆ. ಪ್ರಕಟಿಸಿದ ಕ್ರಮ ತಪ್ಪಿದ್ರೆ ಎರಡನೇ ಕಂತಿಗೆ 3, ಮೂರನೇದಕ್ಕೆ 2.

ತುಂಗಾತೀರ:
ಓಹೋ! ಕೊಂಡಿ ಅರ್ಧಕ್ಕೆ ನಿಲ್ಲೋದು ಇದಕ್ಕೇನಾ. ಪರಿಹಾರ?

ಒತ್ತಕ್ಷರ:
ಪ್ರಕಟಿಸೋ ಮುಂಚೆ ಬಲಗಡೆ ಪಟ್ಟಿಯಲ್ಲಿ ಕೊಂಡಿಯ ಬಾಲವನ್ನ ರೋಮನ್ ಲಿಪಿಯಲ್ಲಿ ನೀವೇ ಬರೀರಿ, ಮೂರು ನಾಲ್ಕು ಪದ ಸಾಕು. ಆಗಲೇ ಪ್ರಕಟ ಆಗಿರೋದನ್ನ ಬದಲಿಸಿದ್ರೆ ಹಳೇ ಕೊಂಡಿಯಿಂದ ಹೊಸದಕ್ಕೆ ವರ್ಡ್‌ಪ್ರೆಸ್ ಸಾಮಾನ್ಯವಾಗಿ ತಾನೇ ಕಳಿಸುತ್ತೆ, ಹಳೇ ಬಾಲವನ್ನ ನೆನಪಿಟ್ಟುಕೊಳ್ಳುತ್ತೆ. ಆದ್ರೆ ಇದು ಬ್ಲಾಗ್ ಬರಹಗಳಿಗೆ. ‘ನಮ್ಮ ಬಗ್ಗೆ’ ಥರದ ಪುಟಗಳಿಗೆ ಅದನ್ನೇ ನಂಬ್ಕೋಬೇಡಿ, ರೀಡೈರೆಕ್ಟ್ ಹಾಕಿ.

ಮಂದಾರ_ಥೀಮ್ಸ್:
ನಾನು ಇದನ್ನ ಒಪ್ಪಲ್ಲ. ಕನ್ನಡ ಕೊಂಡಿ ಬ್ರೌಸರ್‌ನಲ್ಲಿ ಕನ್ನಡದಲ್ಲೇ ಕಾಣುತ್ತೆ, ಹುಡುಕಾಟದ ಫಲಿತಾಂಶದಲ್ಲೂ ಓದುಗರಿಗೆ ಗುರುತು ಸಿಗುತ್ತೆ. 22 ಘಟಕದೊಳಗೆ ಎರಡು ಚಿಕ್ಕ ಪದ ಇಟ್ಕೊಂಡ್ರೆ ಆಯ್ತು. ಕನ್ನಡ ತಾಣಕ್ಕೆ ರೋಮನ್ ಕೊಂಡಿ ಯಾಕೆ?

ಒತ್ತಕ್ಷರ:
ವಾಟ್ಸಾಪ್‌ನಲ್ಲಿ ಹಂಚಿ ನೋಡಿ. ನಕಲು ಮಾಡಿದಾಗ ಎಷ್ಟೋ ಕಡೆ ಶೇಕಡಾ ಚಿಹ್ನೆಗಳ ಮೂರು ಸಾಲಿನ ಸರಪಳಿ ಅಂಟುತ್ತೆ, ಓದುಗರು ಅದನ್ನ ವೈರಸ್ ಅಂದ್ಕೋತಾರೆ. ಎರಡು ಪದದ ಕನ್ನಡ ಬಾಲ ಬೇಕೇ ಬೇಕು ಅನ್ನೋರು ಇಟ್ಕೊಳ್ಳಲಿ. ಕಂತುಗಳಲ್ಲಿ ಬರೆಯೋರಿಗೆ ಮಾತ್ರ ಅದು ಕೆಲಸಕ್ಕೆ ಬರಲ್ಲ.

ಅಘನಾಶಿನಿ:
ಸಾಲಿನ ಎತ್ತರದ ತೊಂದರೆನೂ ಕೇಳ್ಬಹುದು. ಇಂಗ್ಲಿಷಿಗೆ ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಗೆ ಅಕ್ಷರದ ಅಳತೆಯ 1.2 ಪಟ್ಟು, ಕೆಲವೊಮ್ಮೆ 1.1 ಇರುತ್ತೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಲಕ್ಷ್ಮಿ’ ಬರೆದು ನೋಡಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ ಇಲ್ಲ ಕತ್ತರಿಸಿಹೋಗುತ್ತೆ. ಕನ್ನಡಕ್ಕೆ ಶೀರ್ಷಿಕೆಗೆ 1.5, ಒಳಗಿನ ಬರಹಕ್ಕೆ 1.7ರ ಸುಮಾರು ಬೇಕು. ಅಕ್ಷರಗಳ ನಡುವಿನ ಅಂತರ ಸೊನ್ನೆ ಮಾಡಿ, ಅದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಇಟ್ಟಿದ್ದು. ವರ್ಡ್‌ಪ್ರೆಸ್ 6.5 ಆವೃತ್ತಿಯಿಂದ ಬ್ಲಾಕ್ ಥೀಮ್‌ಗಳಲ್ಲಿ ಫಾಂಟ್ ಲೈಬ್ರರಿ ಇದೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಯಾವುದನ್ನ ಬೇಕಾದ್ರೂ ನಿಮ್ಮ ಸರ್ವರಿಗೇ ಇಳಿಸ್ಕೋಬಹುದು. ಫಾಂಟ್ ಹೇಳದೆ ಬಿಟ್ರೆ ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೋ, ಮ್ಯಾಕ್‌ನಲ್ಲಿ ಇನ್ನೊಂದು. ಒಂದೇ ಪುಟ ಮೂರು ಥರ.

ಬಿಸಿಲುನಾಡು:
ಹಳೇ ಬ್ಲಾಗ್‌ನಾಗ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನಿ ಆಗ್ಯಾವ ಅಂದ್ರ ಡೇಟಾಬೇಸ್ ಯುಟಿಎಫ್‌8ಎಂಬಿ4 ಅನ್ನೋ ಅಕ್ಷರಸಂಕೇತದಾಗ ಇಲ್ಲ ಅಂತ ಅರ್ಥ. ಅದನ್ನ ಬದಲಿ ಮಾಡ್ರಿ, ಸರಿ ಹೋಗ್ತದ.

ಸರ್ವರ್‌ಕಟ್ಟೆ:
ಇಲ್ಲ, ಇದು ತಪ್ಪು, ಹೀಗೆ ಮಾಡಿ ಇದ್ದದ್ದನ್ನೂ ಕಳ್ಕೋಬೇಡಿ. ಕನ್ನಡಕ್ಕೆ 3 ಬೈಟ್ ಸಾಕು ಅಂತ ಮೇಲೇ ಬಂತಲ್ಲ, ವರ್ಡ್‌ಪ್ರೆಸ್ ಬಳಸೋ ಡೇಟಾಬೇಸ್ ಮೈಎಸ್‌ಕ್ಯೂಎಲ್‌ನ ಹಳೇ ಯುಟಿಎಫ್‌8 ಕೂಡ 3 ಬೈಟ್ ಹಿಡಿಯುತ್ತೆ. ನಾಲ್ಕನೇ ಬೈಟ್ ಬೇಕಾಗೋದು ಎಮೋಜಿಯಂಥವಕ್ಕೆ. 2015ರಲ್ಲಿ 4.2 ಆವೃತ್ತಿಯಲ್ಲಿ ವರ್ಡ್‌ಪ್ರೆಸ್ ಎಂಬಿ4ಗೆ ಹೋಯ್ತು, ಅದಕ್ಕೂ ಮುಂಚಿನ ಕನ್ನಡ ಬ್ಲಾಗ್‌ಗಳು ಚೆನ್ನಾಗೇ ಓಡ್ತಿದ್ವು.

ಪ್ರಶ್ನಾರ್ಥಕ ಚಿಹ್ನೆ ಬರೋದು ಯುರೋಪಿನ ಲಿಪಿಗೆ ಮಾತ್ರ ಆಗೋ ಲ್ಯಾಟಿನ್1 ಅಕ್ಷರಸಂಕೇತದ ಕೋಷ್ಟಕದಿಂದ, ಇಲ್ಲ ಸರ್ವರ್ ಬದಲಿಸುವಾಗ ತಪ್ಪು ಅಕ್ಷರಸಂಕೇತದಲ್ಲಿ ರಫ್ತು ಮಾಡಿದ್ದರಿಂದ. ಎರಡು ಬಗೆ ಇದೆ, ಬೇರೆ ಮಾಡಿ ನೋಡಬೇಕು. ಪುಟದಲ್ಲಿ ಶುದ್ಧ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ರೆ, ಡೇಟಾಬೇಸ್ ಒಳಗೂ ಹಾಗೇ ಇದ್ರೆ, ಆ ಬೈಟ್‌ಗಳು ಹೋಗಿಬಿಟ್ಟಿವೆ. ಹಳೇ ಬ್ಯಾಕಪ್ ಒಂದೇ ದಾರಿ. ಬದಲಾಗಿ ಲ್ಯಾಟಿನ್ ಅಕ್ಷರಗಳ ಮೇಲೆ ಚುಕ್ಕೆ, ಟೋಪಿ ಇರೋ ಗೋಜಲು ಕಂಡ್ರೆ ಬೈಟ್‌ಗಳು ಉಳಿದಿವೆ, ಓದೋ ರೀತಿ ತಪ್ಪಾಗಿದೆ ಅಷ್ಟೆ. ಅದನ್ನ ವಾಪಸ್ ತರಬಹುದು. ಆದ್ರೆ ಕೋಷ್ಟಕವನ್ನ ನೇರವಾಗಿ ಯುಟಿಎಫ್‌8ಗೆ ಬದಲಿಸಬಾರದು, ನಡುವೆ ಒಮ್ಮೆ ಬೈನರಿ ಬಗೆಗೆ ತಂದು ಆಮೇಲೆ ಬದಲಿಸಬೇಕು. ನೇರ ಬದಲಿಸಿದ್ರೆ ಗೋಜಲೇ ಖಾಯಂ.

ಪೇಡಾನಗರ:
ಮೂರನೇದೂ ಐತ್ರಿ. ನುಡಿ, ಬರಹದ ಹಳೇ ಫಾಂಟ್‌ನಾಗ ಟೈಪ್ ಮಾಡಿದ ಲೇಖನ ತಂದು ಅಂಟಿಸಿದ್ರೂ ಇಂಗ್ಲಿಷ್ ಅಕ್ಷರದ ಗೋಜಲು ಕಾಣತದ. ಅದು ಡೇಟಾಬೇಸಿನ ತಪ್ಪಲ್ಲ. ಆ ಬರಹ ಯೂನಿಕೋಡ್ ಅಲ್ಲವೇ ಅಲ್ಲ, ಪರಿವರ್ತಕದಾಗ ಹಾಕಿ ಯೂನಿಕೋಡ್ ಮಾಡ್ಕೊಂಡು ಅಂಟಿಸ್ಬೇಕು. ಮಾಡಿದ ಮ್ಯಾಲೂ ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನಿ ಕಣ್ಣಿಟ್ಟು ನೋಡ್ರಿ.

ತುಂಗಾತೀರ:
ಇಷ್ಟು ಪ್ರಶ್ನೆ ಸಾಕು ಅನ್ಸುತ್ತೆ! ಈಗ ಕಾಂಟ್ರಿಬ್ಯೂಟರ್ ಡೇ ಬಗ್ಗೆ ಹೇಳಿ.

ಮಳೆಬಿಲ್ಲು:
ಕೋಡ್ ಬರದವರೇ ಅಲ್ಲಿ ಹೆಚ್ಚು ಬೇಕಾಗಿರೋದು. ಬೇರೆ ಬೇರೆ ತಂಡಕ್ಕೆ ಬೇರೆ ಬೇರೆ ಮೇಜು ಇರುತ್ತೆ: ಮೂಲ ಕೋಡ್ ಬರೆಯೋ ಕೋರ್, ಅನುವಾದದ ಪಾಲಿಗ್ಲಾಟ್ಸ್, ದಾಖಲೆ, ತರಬೇತಿ, ಬೆಂಬಲ, ಫೋಟೋ, ವಿಡಿಯೋ, ಪರೀಕ್ಷೆ. ಕನ್ನಡದವರು ಪಾಲಿಗ್ಲಾಟ್ಸ್ ಮೇಜಿಗೆ ಹೋಗಿ ಅಂತ ಕೈಮುಗಿದು ಕೇಳ್ತೀನಿ. ಜಗತ್ತಿನ ತಾಣಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಓಡ್ತಿರೋದು ವರ್ಡ್‌ಪ್ರೆಸ್ ಮೇಲೆ, ಶಾಲೆಯ ತಾಣ, ಸಣ್ಣ ಪತ್ರಿಕೆಯ ತಾಣ, ಸಂಘದ ತಾಣ ಎಲ್ಲ. ಅದರ ಒಳಗಿನ ಗುಂಡಿಗಳು ಕನ್ನಡದಲ್ಲಿದ್ರೆ ಇಂಗ್ಲಿಷ್ ಬರದವರೂ ಸ್ವಂತ ತಾಣ ನಡೆಸಬಹುದು.

ಮನೆಯಲ್ಲೇ ಮಾಡಿ ಹೋಗ್ಬೇಕಾದ್ದು: ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಖಾತೆ. ಡಾಟ್ ಕಾಮ್ ಖಾತೆ ಅಲ್ಲ, ಅದು ಬೇರೆ, ಇಲ್ಲಿ ನಡೆಯಲ್ಲ. ಆ ಖಾತೆಯಿಂದ ಸಮುದಾಯದವರು ಮಾತಾಡ್ಕೊಳ್ಳೋ ಸ್ಲಾಕ್ ಆ್ಯಪ್‌ಗೆ ಸೇರ್ಕೊಳ್ಳಿ. ಅಲ್ಲಿಗೆ ಹೋಗಿ ಮಾಡೋಣ ಅಂದ್ರೆ ಇಮೇಲ್ ದೃಢೀಕರಣ ಕಾಯೋದ್ರಲ್ಲೇ ಬೆಳಗ್ಗೆ ಕಳೆಯುತ್ತೆ.

ಅನುವಾದ ಮಾಡೋದು ಬ್ರೌಸರ್‌ನಲ್ಲೇ, ಏನೂ ಇಳಿಸ್ಕೋಬೇಕಿಲ್ಲ. ಕನ್ನಡ ಆರಿಸಿ, ನೀವೇ ಬಳಸೋ ಒಂದು ಥೀಮ್ ಇಲ್ಲ ಸಣ್ಣ ಪ್ಲಗಿನ್ ಆರಿಸಿ, ಸಾಲು ಸಾಲಾಗಿ ಬರೀರಿ. ನೀವು ಬರೆದದ್ದು ‘ಕಾಯುತ್ತಿದೆ’ ಅನ್ನೋ ಸ್ಥಿತಿಯಲ್ಲಿರುತ್ತೆ, ಸಂಪಾದಕರ ಹಕ್ಕಿರೋರು ಒಪ್ಪಿದ ಮೇಲೇ ಚಾಲ್ತಿಗೆ ಬರೋದು. ಒಪ್ಪಿತವಾದ ಸಾಲು ನೂರಕ್ಕೆ 90 ದಾಟಿದಾಗ ಆ ಪ್ಲಗಿನ್‌ಗೆ ಕನ್ನಡದ ಭಾಷಾ ಕಡತ ತಯಾರಾಗಿ ಎಲ್ಲರ ತಾಣಕ್ಕೂ ತಾನೇ ಹೋಗುತ್ತೆ. ಅದಕ್ಕೇ ದೊಡ್ಡ ಪ್ಲಗಿನ್‌ನ ಹತ್ತು ಸಾಲು ಮುಟ್ಟಿ ಬಿಡೋದಕ್ಕಿಂತ 80 ಸಾಲಿನ ಸಣ್ಣದೊಂದನ್ನ ಪೂರ್ತಿ ಮುಗಿಸೋದು ಎಷ್ಟೋ ಮೇಲು.

ಒತ್ತಕ್ಷರ:
ಇದಕ್ಕೆ ಎರಡು ಮಾತು ಸೇರಿಸ್ತೀನಿ. ಸಾಲಿನೊಳಗೆ ಶೇಕಡಾ ಚಿಹ್ನೆಯ ಜೊತೆ ಒಂದು ರೋಮನ್ ಅಕ್ಷರ ಬಂದ್ರೆ ಅದನ್ನ ಮುಟ್ಟಬೇಡಿ, ಅನುವಾದಿಸಬೇಡಿ, ನಡುವೆ ಜಾಗ ಬಿಡಬೇಡಿ. ತಾಣ ಓಡುವಾಗ ಅಲ್ಲಿ ಹೆಸರೋ ಸಂಖ್ಯೆಯೋ ಬಂದು ಕೂರುತ್ತೆ. 1, 2 ಅಂತ ಸಂಖ್ಯೆ ಇರೋವು ಬಂದ್ರೆ ಜಾಗ ಅದಲುಬದಲು ಮಾಡಬಹುದು, ನಮ್ಮ ವಾಕ್ಯಕ್ಕೆ ಅದು ಬೇಕೇ ಬೇಕು, ಕ್ರಿಯಾಪದ ಕೊನೆಗೆ ಬರಬೇಕಲ್ಲ.

ವಿಭಕ್ತಿಯ ತೊಡಕು ಇನ್ನೂ ದೊಡ್ಡದು. ಆ ಜಾಗಕ್ಕೆ ಅಂಟಿಸಿ ‘ನಲ್ಲಿ’ ಅಂತ ಬರೆದ್ರೆ, ಬಂದು ಕೂರೋ ಹೆಸರು ‘ಪುಸ್ತಕ’ ಆದಾಗ ‘ಪುಸ್ತಕನಲ್ಲಿ’ ಆಗುತ್ತೆ. ಪ್ರತ್ಯಯ ಅಂಟಿಸೋದನ್ನ ಬಿಟ್ಟು ವಾಕ್ಯವನ್ನೇ ತಿರುಗಿಸಿ. ‘ಪುಟ:’ ಅಂತ ಹಾಕಿ ಹೆಸರನ್ನ ಆಮೇಲೆ ಇಡಿ, ಅಥವಾ ‘ಎಂಬ ವಿಭಾಗದಲ್ಲಿ’ ಅಂತ ಮುಂದುವರಿಸಿ. ಏಕವಚನ, ಬಹುವಚನಕ್ಕೆ ಎರಡು ಪೆಟ್ಟಿಗೆ ಬರ್ತವೆ. ‘1 ಪ್ರತಿಕ್ರಿಯೆ’, ‘5 ಪ್ರತಿಕ್ರಿಯೆಗಳು’, ಎರಡನ್ನೂ ತುಂಬಿ.

ಮಂದಾರ_ಥೀಮ್ಸ್:
ಯಂತ್ರಾನುವಾದ ತಂದು ನೂರಾರು ಸಾಲು ಸುರಿಯೋರು ಇದ್ದಾರೆ, ದಯವಿಟ್ಟು ಅದು ಬೇಡ. ಪರಿಶೀಲಿಸೋರ ಮೇಲೆ ಆ ಹೊರೆ ಬೀಳುತ್ತೆ, ಒಳ್ಳೇ ಸಾಲೂ ಅದರಡಿ ಹೂತುಹೋಗುತ್ತೆ.

ಮಳೆಬಿಲ್ಲು:
ನೂರಕ್ಕೆ ನೂರು ನಿಜ.

ಅಘನಾಶಿನಿ:
ಫೋಟೋ ಮೇಜನ್ನ ಯಾರೂ ಹೇಳ್ಲಿಲ್ಲ. ಫೋನಿನಲ್ಲಿ ತೆಗೆದ ಚಿತ್ರ ಸಾಕು. ಉದ್ದ ಅಥವಾ ಅಗಲ ಕನಿಷ್ಠ 2000 ಪಿಕ್ಸೆಲ್ ಇರಬೇಕು, ಗುರುತು ಸಿಗೋ ಮುಖ ಇರಬಾರದು, ಮೇಲೆ ಬರಹ, ಅತಿಯಾದ ಫಿಲ್ಟರ್ ಇರಬಾರದು, ನೀವೇ ತೆಗೆದದ್ದಾಗಿರಬೇಕು. ಅಡಿಕೆ ತೋಟ, ಬಾದಾಮಿಯ ಕೆಂಪು ಬಂಡೆ, ಮೈಸೂರು ಮಲ್ಲಿಗೆ ಮಾಲೆ ಇಂಥವನ್ನ ಹಾಕಿ. ಆದ್ರೆ ಸಿಸಿ0 ಪರವಾನಗಿ ಅಂದ್ರೇನು ಅಂತ ತಿಳಿದು ಹಾಕಿ, ಯಾರು ಬೇಕಾದ್ರೂ ವ್ಯಾಪಾರಕ್ಕೂ ಬಳಸಬಹುದು, ನಿಮ್ಮ ಹೆಸರು ಹಾಕಬೇಕಾಗಿಲ್ಲ. ಆಮೇಲೆ ಬೇಸರ ಆಗೋದಾದ್ರೆ ಆ ಚಿತ್ರ ಕೊಡಬೇಡಿ.

ಸರ್ವರ್‌ಕಟ್ಟೆ:
ಕೋರ್ ಮೇಜಿಗೆ ಹೋಗೋ ಡೆವಲಪರ್‌ಗಳಿಗೆ: ಡಾಕರ್, ನೋಡ್ ಎಲ್ಲ ಮನೆಯಲ್ಲೇ ಇಳಿಸ್ಕೊಂಡು ಒಮ್ಮೆ ಓಡಿಸಿ ನೋಡಿ ಬನ್ನಿ. ಒಂದೇ ವೈಫೈನಲ್ಲಿ ನೂರು ಜನ ಒಟ್ಟಿಗೆ ಇಳಿಸೋಕೆ ಕೂತ್ರೆ ಊಟದ ಹೊತ್ತಾದ್ರೂ ಮುಗಿಯಲ್ಲ. ಏನೂ ಇಲ್ಲದೆ ಬಂದ್ರೆ ವರ್ಡ್‌ಪ್ರೆಸ್ ಪ್ಲೇಗ್ರೌಂಡ್ ತೆರೀರಿ, ಪಿಎಚ್‌ಪಿ ಬ್ರೌಸರ್ ಒಳಗೇ ಓಡುತ್ತೆ, ಡೇಟಾಬೇಸ್‌ಗೆ ಎಸ್‌ಕ್ಯೂಲೈಟ್. ತೇಪೆಗಳನ್ನ (ಕೋಡಿನ ತಿದ್ದುಪಡಿ, ಪ್ಯಾಚ್) ಪರೀಕ್ಷಿಸೋಕೆ ಅಷ್ಟು ಸಾಕು. ಜೊತೆಗೆ ಚಾರ್ಜರ್ ಮತ್ತೆ ಒಂದು ಎಕ್ಸ್‌ಟೆನ್ಶನ್ ಬೋರ್ಡ್.

ಕಡಲತಡಿ:
2024ರ ಆ ಜಗಳದ ನಂತರ ಇದಕ್ಕೆಲ್ಲ ಪುಕ್ಕಟೆ ದುಡಿಯುವುದು ಸರಿಯಾ ಅಂತ ನನ್ನ ಪ್ರಶ್ನೆ.

ಪೇಡಾನಗರ:
ಆ ವಿಷಯ ಎತ್ತಿದ್ರ ಇಲ್ಲಿ ಮುಗಿಯಂಗಿಲ್ರಿ.

ಸರ್ವರ್‌ಕಟ್ಟೆ:
ಚುಟುಕಾಗಿ ಹೇಳ್ತೀನಿ, ಯಾಕಂದ್ರೆ ತಾಣ ನಡೆಸೋರಿಗೆ ಇದರಿಂದ ಒಂದು ಕೆಲಸ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡ್‌ನ ವರ್ಡ್‌ಕ್ಯಾಂಪ್ ಯುಎಸ್ ವೇದಿಕೆಯಲ್ಲೇ ಮುಲೆನ್‌ವೆಗ್ ಅವರು ಡಬ್ಲ್ಯುಪಿ ಎಂಜಿನ್ ಅನ್ನೋ ಹೋಸ್ಟಿಂಗ್ ಕಂಪನಿಯನ್ನ ಟೀಕಿಸಿದ್ರು, ವ್ಯಾಜ್ಯ ಕೋರ್ಟಿಗೆ ಹೋಯ್ತು. ಅಕ್ಟೋಬರ್‌ನಲ್ಲಿ ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಆ ಕಂಪನಿಯ ಅಡ್ವಾನ್ಸ್‌ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ ಇದ್ದ ಜಾಗಕ್ಕೆ ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಬಂತು. ಡಿಸೆಂಬರ್‌ನಲ್ಲಿ ಕೋರ್ಟಿನ ತಡೆಯಾಜ್ಞೆ ಬಂದ ಮೇಲೆ ಮೊದಲಿನದ್ದು ಅದರ ಕಂಪನಿಗೆ ವಾಪಸ್ ಹೋಯ್ತು. ನಿಮ್ಮ ತಾಣದಲ್ಲಿ ಆ ಪ್ಲಗಿನ್ ಇದ್ರೆ ಈಗಿರೋದು ಎರಡರಲ್ಲಿ ಯಾವುದು, ಅಪ್‌ಡೇಟ್ ಎಲ್ಲಿಂದ ಬರ್ತಿದೆ ನೋಡಿ. ಎರಡೂ ಒಟ್ಟಿಗೆ ಚಾಲೂ ಇಡಬೇಡಿ.

ಕನ್ನಡ ಅನುವಾದದ ಮಟ್ಟಿಗೆ ನನ್ನ ಉತ್ತರ ಸ್ಪಷ್ಟ. ನೀವು ಬರೆದ ಸಾಲು ಜಿಪಿಎಲ್ ಅಡಿ ಉಳಿಯುತ್ತೆ, ನಾಳೆ ಯಾರು ಈ ತಂತ್ರಾಂಶವನ್ನ ಕವಲೊಡೆಸಿ ಮುಂದುವರಿಸಿದ್ರೂ ಕನ್ನಡ ಅದರ ಜೊತೆ ಹೋಗುತ್ತೆ. ವರ್ಡ್‌ಪ್ರೆಸ್ ಹುಟ್ಟಿದ್ದೇ ಬಿ2 ಅನ್ನೋ ತಂತ್ರಾಂಶದ ಕವಲಾಗಿ.

ಕಡಲತಡಿ:
ಆ ಕಡೆಯ ಮಾತು ಒಪ್ಪುತ್ತೇನೆ. ಕೇಂದ್ರದಲ್ಲಿ ಒಬ್ಬರ ಕೈಯಲ್ಲಿ ಅಷ್ಟು ಅಧಿಕಾರ ಇರುವುದು ಮಾತ್ರ ಸರಿ ಕಾಣುವುದಿಲ್ಲ.

ಬಿಸಿಲುನಾಡು:
ಕ್ಯಾಂಪ್‌ನಾಗ ಪ್ರಾಯೋಜಕರು ಹಾಕೋ ಮಳಿಗಿ ಬಗ್ಗೆ ಹೇಳ್ರಿ ಯಾರಾದ್ರೂ. ಹೋಸ್ಟಿಂಗ್‌ನವರು ರಿಯಾಯ್ತಿ ಕೊಡ್ತಾರಂತ.

ಮಂದಾರ_ಥೀಮ್ಸ್:
ಕೊಡ್ತಾರೆ, ಮೊದಲ ವರ್ಷಕ್ಕೆ. ನೀವು ಕೇಳ್ಬೇಕಾದ್ದು ನವೀಕರಣದ ಬೆಲೆ, ಅದು ಎರಡು ಮೂರು ಪಟ್ಟು ಇರಬಹುದು. ಆಮೇಲೆ ಇವನ್ನೂ ಕೇಳಿ: ಸರ್ವರ್ ಭಾರತದಲ್ಲಿದೆಯಾ, ಬ್ಯಾಕಪ್ ಎಷ್ಟು ದಿನ ಇಡ್ತೀರಿ, ಅದನ್ನ ನಾನೇ ಇಳಿಸ್ಕೋಬಹುದಾ, ಪಿಎಚ್‌ಪಿ ಆವೃತ್ತಿ ನಾನೇ ಬದಲಿಸಬಹುದಾ. 7.4ಕ್ಕೆ ಭದ್ರತಾ ತೇಪೆ 2022ರ ನವೆಂಬರ್‌ಗೇ ನಿಂತಿದೆ, ಇನ್ನೂ ಅದರ ಮೇಲೇ ಓಡೋ ಅಗ್ಗದ ಯೋಜನೆ ಬೇಡ. ಅಂಗಿ, ಸ್ಟಿಕರ್ ಕೊಡುವಾಗ ಬ್ಯಾಡ್ಜ್ ಸ್ಕ್ಯಾನ್ ಮಾಡ್ತಾರೆ, ನಿಮ್ಮ ಇಮೇಲ್ ಅವರ ಪಟ್ಟಿಗೆ ಹೋಗುತ್ತೆ. ಬೇಡ ಅನ್ನೋ ಹಕ್ಕು ನಿಮಗಿದೆ.

ತುಂಗಾತೀರ:
ಕೊನೇ ಪ್ರಶ್ನೆ. ಬರಹಗಳನ್ನ ಪಿಡಿಎಫ್ ಮಾಡಿ ಕೊಡೋ ಪ್ಲಗಿನ್ ಹಾಕಿದ್ರೆ ಕನ್ನಡದ ಒತ್ತಕ್ಷರ ಎಲ್ಲ ಬಿಡಿ ಬಿಡಿ ಆಗುತ್ತೆ. ಫಾಂಟ್ ಬದಲಿಸಿದ್ರೂ ಅಷ್ಟೇ. ಇದನ್ನ ಹ್ಯಾಪಿನೆಸ್ ಬಾರ್‌ಗೆ ಒಯ್ಯಬಹುದಾ?

ಒತ್ತಕ್ಷರ:
ಒಯ್ಯಿರಿ, ಆದ್ರೆ ಕಾರಣ ತಿಳಿದು ಒಯ್ಯಿರಿ. ಅದು ಫಾಂಟಿನ ದೋಷ ಅಲ್ಲ. ಕ, ವಿರಾಮ, ಷ ಅಂತ ಸಾಲಾಗಿ ಬಂದ ಘಟಕಗಳನ್ನ ‘ಕ್ಷ’ ಮಾಡೋದಕ್ಕೆ ಫಾಂಟಿನೊಳಗಿನ ನಿಯಮಗಳನ್ನ ಓದಿ ಜೋಡಿಸೋ ಎಂಜಿನ್ ಬೇಕು. ಬ್ರೌಸರ್‌ನಲ್ಲಿ ಅದಿದೆ. ಪಿಡಿಎಫ್ ತಯಾರಿಸೋಕೆ ಬಹಳ ಪ್ಲಗಿನ್‌ಗಳು ಬಳಸೋ ಡಾಂಪಿಡಿಎಫ್‌ನಲ್ಲಿ ಇಲ್ಲ, ಹಂಚಿಕೆಗೆ ಚಿತ್ರ ತಯಾರಿಸೋ ಪಿಎಚ್‌ಪಿಯ ಜಿಡಿಯಲ್ಲೂ ಸಾಮಾನ್ಯವಾಗಿ ಇರಲ್ಲ. ಅದಕ್ಕೇ ಫೇಸ್‌ಬುಕ್ ಚಿತ್ರದ ಮೇಲಿನ ಕನ್ನಡವೂ ಒಡೆಯೋದು.

ಅದರ ಬದಲು ಎಂಪಿಡಿಎಫ್ ಬಳಸೋ ಪ್ಲಗಿನ್ ಹುಡುಕಿ. ಅದರಲ್ಲಿ ಕನ್ನಡ ಫಾಂಟ್ ಸೇರಿಸಿ, ಆ ಫಾಂಟಿಗೆ ಯೂಸ್ ಓಟಿಎಲ್ ಅನ್ನೋ ಆಯ್ಕೆ ಚಾಲೂ ಮಾಡಿದ್ರೆ ಒತ್ತಕ್ಷರ ಕೂಡುತ್ತೆ. ಆ ಆಯ್ಕೆ ಪ್ಲಗಿನ್‌ನ ಸೆಟ್ಟಿಂಗ್ಸ್‌ನಲ್ಲಿ ಇಲ್ಲದಿದ್ರೆ ಫಿಲ್ಟರ್ (ಪ್ಲಗಿನ್ ನಡೆಯನ್ನ ಬದಲಿಸೋ ಪುಟ್ಟ ಕೋಡ್) ಬರೆಯಬೇಕು, ನಾಲ್ಕೈದು ಸಾಲಿನ ಕೆಲಸ. ಹ್ಯಾಪಿನೆಸ್ ಬಾರ್‌ನಲ್ಲಿ ನೀವು ಕೇಳ್ಬೇಕಾದ್ದು ಆ ಫಿಲ್ಟರ್. ಪ್ಲಗಿನ್ ಹೆಸರು, ಫಾಂಟ್ ಕಡತ, ಒಡೆದುಹೋದ ಪಿಡಿಎಫ್ ಮೂರನ್ನೂ ಲ್ಯಾಪ್‌ಟಾಪ್‌ನಲ್ಲಿ ಇಟ್ಕೊಳ್ಳಿ. ಪಕ್ಕದಲ್ಲೇ ಅದೇ ಪುಟವನ್ನ ಬ್ರೌಸರ್‌ನಿಂದ ಪ್ರಿಂಟ್ ಕೊಟ್ಟು ಮಾಡಿದ ಸರಿಯಾದ ಪಿಡಿಎಫ್ ಕೂಡ ಇರಲಿ, ಕನ್ನಡ ಓದೋಕೆ ಬರದವರಿಗೂ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.